ನಾನೂರ ಎಂಬತ್ತು ಕುದುರೆಗಳ ಬೆಲೆ

ಒದೆಯುವುದಿಲ್ಲವೆಂದು ಗೊತ್ತಿದ್ದರೂ ತೂಕದಣ್ಣ ಶೋರೂಮಿನಲ್ಲಿದ್ದ ಕಾರಿನ ಹಿಂಬದಿಗೆ ನೇರವಾಗಿ ನಿಲ್ಲಲಿಲ್ಲ. ಒಂದು ಮಾರು ಬಿಟ್ಟು, ಓರೆಯಾಗಿ, ಹಿಂಗಾಲಿನ ಅಳತೆಗೆ ಸಿಕ್ಕದ ಜಾಗ ನೋಡಿ ನಿಂತ. ನಲವತ್ತು ವರ್ಷದ ಅಭ್ಯಾಸ. ಕಾಲು ತಾನೇ ಹೋಗಿ ಅಲ್ಲಿ ನಿಲ್ಲುತ್ತದೆ, ತಲೆಯನ್ನು ಕೇಳುವುದಿಲ್ಲ. ಮೂರು ಸುತ್ತು ಹಾಕಿಯಾಗಿತ್ತು. ಮೊದಲ ಸುತ್ತು ಕಣ್ಣಿಗೆ, ಎರಡನೆಯದು ಕೈಗೆ, ಮೂರನೆಯದು ಸುಮ್ಮನೆ. ಇದು ಅವನ ಕ್ರಮ. ಆದರೆ ಈ ಪ್ರಾಣಿಯ ಮೈಮೇಲೆ ಕೈ ಇಡಲು ಜಾಗವೇ ಇರಲಿಲ್ಲ. ದನದ ಪಕ್ಕೆಯ ಚರ್ಮ ಚಿವುಟಿ ಬಿಟ್ಟರೆ, ಅದು ಎಷ್ಟು ಬೇಗ ಮಟ್ಟಸವಾಗುತ್ತದೆ ಎಂಬುದರಲ್ಲೇ ಅದರ ಹೊಟ್ಟೆಯ ಕಥೆ, ಸಾಕಿದವನ ಮನೆಯ ಕಥೆ ಎರಡೂ ತಿಳಿಯುತ್ತವೆ. ಇಲ್ಲಿ ಚಿವುಟಲು ಹೋದ ಎರಡು ಬೆರಳು ಜಾರಿ, ಹೊಳೆಯುವ ಬೂದು ಬಣ್ಣದ ಮೇಲೆ ಎರಡು ಮಸುಕು ಗುರುತು ಉಳಿದವು. ಎಲ್ಲಿದ್ದನೋ ಏನೋ, ನಡುವಯಸ್ಸಿನವನೊಬ್ಬ ಮೆತ್ತನೆಯ ಬಟ್ಟೆ ಹಿಡಿದು ಬಂದು ಅದನ್ನು ಒರೆಸಿ, ಯಾರ ಮುಖವನ್ನೂ ನೋಡದೆ ಹೊರಟುಹೋದ. ತೂಕದಣ್ಣ ಕೈಯನ್ನು ಕೋಟಿನ ಜೇಬಿಗೆ ಸೇರಿಸಿದ. ಅದು ಅಲ್ಲಿ ಬೈಸಿಕೊಂಡ ಮಗುವಿನ ಹಾಗೆ ಮುದುಡಿಕೊಂಡಿತು.

ಅವನಿಗೆ ಹೆಸರು ಇಲ್ಲದೆ ಇರಲಿಲ್ಲ. ಆದರೆ ದನದ ಸಂತೆಯಲ್ಲಿ ಅದನ್ನು ಕೇಳಿದವರು ಕಡಿಮೆ. ಹೋರಿಯನ್ನು ಹತ್ತು ಹೆಜ್ಜೆ ದೂರದಿಂದ ನೋಡಿ ಇಷ್ಟೇ ಕಿಲೋ ಎಂದರೆ ಅಷ್ಟೇ ಕಿಲೋ. ಇಷ್ಟೇ ಬೆಲೆ ಎಂದರೆ ಮಾರುವವನೂ ಕೊಳ್ಳುವವನೂ ತಲೆ ತಗ್ಗಿಸಿ ಅಲ್ಲಿಗೇ ಬಂದು ನಿಲ್ಲುತ್ತಿದ್ದರು. ಅದು ಆಗಿನ ಕಾಲ. ಈಗ ಸಂತೆಯ ಬಾಗಿಲಲ್ಲೇ ಕಬ್ಬಿಣದ ಹಲಗೆ ಹಾಸಿದ್ದಾರೆ. ದನ ಅದರ ಮೇಲೆ ಕಾಲಿಟ್ಟ ಕೂಡಲೇ ಮೇಲಿನ ಪೆಟ್ಟಿಗೆಯಲ್ಲಿ ಕೆಂಪು ಅಂಕಿ ಬೀಳುತ್ತದೆ. ನಾಲ್ಕು ತಿಂಗಳಿಂದ ಯಾರೂ ಅವನನ್ನು ಕರೆದು ಕೇಳಿಲ್ಲ. ಆದರೂ ವಾರ ವಾರ ಹೋಗುತ್ತಾನೆ, ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು, ಬರುವ ಒಂದೊಂದು ದನದ ತೂಕವನ್ನೂ ಗಟ್ಟಿಯಾಗಿ ಹೇಳಿ ಆಮೇಲೆ ಪೆಟ್ಟಿಗೆಯ ಕಡೆ ನೋಡುತ್ತಾನೆ. ಮೂರು ಕಿಲೋ ಹೆಚ್ಚು ಕಡಿಮೆಯಾದರೆ ಯಂತ್ರ ಕೆಟ್ಟಿದೆ ಎಂದು ಚಹಾದವನಿಗೆ ತಿಳಿಸುತ್ತಾನೆ. ಚಹಾದವನು ಹೌದೌದು ಎನ್ನುತ್ತಾನೆ. ಆ ಹೌದೌದು ಎಷ್ಟು ತೂಕದ್ದೆಂದು ತೂಕದಣ್ಣನಿಗೆ ಗೊತ್ತು.

ಹೀಗಿರುವಾಗ ಮೊನ್ನೆ ಭಾವಮೈದುನ ಮನೆಗೆ ಬಂದು, ಚಪ್ಪಲಿ ಬಿಡುವ ಮುಂಚೆಯೇ, ಒಂದು ಕಾರು ನೋಡಿದ್ದೇನೆ, ಎರಡು ವರ್ಷದಲ್ಲಿ ಮೂರು ಸಲ ಬೆಲೆ ಏರಿಸಿದ್ದಾರೆ, ಅಷ್ಟಕ್ಕೆ ಅದು ಬಾಳುತ್ತದೋ ಇಲ್ಲವೋ ನೀವು ಬಂದು ಒಂದು ಮಾತು ಹೇಳಬೇಕು ಭಾವ ಎಂದಿದ್ದ. ಕಾರಿನ ವಿಷಯ ನನಗೇನು ಗೊತ್ತಯ್ಯಾ ಎನ್ನುವುದು ಬಾಯಿಗೆ ಬಂದಿತ್ತು. ಆದರೆ ಬಾಯಿಂದ ಹೊರಬಿದ್ದದ್ದು, ಎಷ್ಟು ಗಂಟೆಗೆ ಹೋಗೋಣ ಎಂಬ ಮಾತು. ಆ ಮೇಲೆ ಎರಡು ದಿನ ಅವನ ನಡಿಗೆಯೇ ಬೇರೆಯಾಗಿತ್ತು. ಹೆಂಡತಿ ಅದನ್ನು ಕಂಡೂ ಕಾಣದವಳಂತೆ ಇದ್ದು, ಇಂದು ಬೆಳಿಗ್ಗೆ ಕೋಟಿನ ಧೂಳು ಹೊಡೆಯುವಾಗ ಬಾಯಿ ಬಿಟ್ಟಿದ್ದಳು. ತಮ್ಮನಿಗೆ ಐವತ್ತೆರಡಾಯಿತು, ಎತ್ತು ಈದಿದೆ ಅಂದರೆ ಕರು ಕಟ್ಟು ಅನ್ನುವವರು ಅವನ ಸುತ್ತ ಸಾಕಷ್ಟಿದ್ದಾರೆ, ನೀವೂ ಸೇರಿಕೊಳ್ಳಬೇಡಿ. "ನಿಮ್ಮ ಮಾತು ಅವನು ಮೀರಲ್ಲ. ಬೇಡ ಅಂತ ಒಂದೇ ಮಾತು ಹೇಳಿ ಬಂದುಬಿಡಿ."

ಒಂದೇ ಮಾತು. ಅದೇ ತೊಂದರೆ. ತೂಕದಣ್ಣನ ಮಾತನ್ನು ಕೇಳುವವನು ಈ ಭೂಮಿಯ ಮೇಲೆ ಉಳಿದಿದ್ದರೆ ಅದು ಇವನೊಬ್ಬನೇ. ಆ ಒಬ್ಬನಿಗೆ ಹೇಳಬೇಕಾದ ಮಾತನ್ನು ಇನ್ನೊಬ್ಬರು ಮನೆಯಲ್ಲೇ ಕಟ್ಟಿ ಜೇಬಿಗಿಟ್ಟು ಕಳಿಸಿದ್ದರು.

ಭಾವಮೈದುನ ಮೊಟ್ಟೆಯ ಸಗಟು ವ್ಯಾಪಾರಿ. ಊರಿಗೆಲ್ಲ ಮೊಟ್ಟೆ ಸಾಹುಕಾರ. ದುಂಡಗೆ, ಬೆಳ್ಳಗೆ, ತಲೆಯ ಮೇಲೆ ಒಂದೂ ಕೂದಲಿಲ್ಲದೆ, ಮಾಡುವ ವ್ಯಾಪಾರಕ್ಕೆ ತಕ್ಕ ಹಾಗೆಯೇ ಇದ್ದಾನೆ ಎಂದು ನಗುವವರು ನಗುತ್ತಾರೆ, ಅವನೂ ಜೊತೆಗೆ ನಗುತ್ತಾನೆ. ಮೂವತ್ತು ವರ್ಷದಿಂದ ತನ್ನ ವ್ಯಾನನ್ನು ತಾನೇ ಓಡಿಸುತ್ತಾನೆ. ಡ್ರೈವರನ ಕೈಗೆ ಕೊಟ್ಟರೆ ನೂರಕ್ಕೆ ಮೂರು ಒಡೆಯುತ್ತವೆ, ತನ್ನ ಕೈಯಲ್ಲಿ ಒಂದೂ ಇಲ್ಲ. ಅಂಥವನು ಈಗ ಹೊಳೆಯುವ ಬಾನೆಟ್ಟಿನ ಮುಂದೆ ಎರಡೂ ಕೈ ಹಿಂದೆ ಕಟ್ಟಿಕೊಂಡು, ಕಾಲಬೆರಳ ಮೇಲೆ ಕೊಂಚ ಏರಿ, ಇಳಿದು, ಮತ್ತೆ ಏರುತ್ತಿದ್ದ. ತೂಕದಣ್ಣ ಅವನನ್ನು ನೋಡಿ ತಟ್ಟನೆ ಬೇರೆ ಕಡೆ ನೋಡಿದ. ಅವನ ಕಸುಬಿನ ಗುಟ್ಟೇ ಅದು: ದನವನ್ನು ನೋಡುವಂತೆ ನಟಿಸುತ್ತ ಹಗ್ಗ ಹಿಡಿದವನನ್ನು ನೋಡುವುದು. ಕೊಂಬು ಸುಳ್ಳು ಹೇಳಬಹುದು, ಹಲ್ಲು ಸುಳ್ಳು ಹೇಳಬಹುದು, ಹಗ್ಗ ಹಿಡಿದ ಕೈ ಹೇಳುವುದಿಲ್ಲ. ಇಲ್ಲಿ ಹಗ್ಗ ಎಲ್ಲಿದೆ?

ಮಾರಾಟದ ಹುಡುಗಿ ಬಂದಳು. ಮೂವತ್ತರ ಹತ್ತಿರದವಳು, ಕೈಯಲ್ಲಿ ಹಲಗೆಯಂಥ ಒಂದು ಟ್ಯಾಬು, ಮುಖದಲ್ಲಿ ಬೆಳಗಿನಿಂದ ಹಾಕಿಕೊಂಡ ನಗು. ತೂಕದಣ್ಣನಿಗೆ ಅವಳ ಬಗ್ಗೆ ಒಳ್ಳೆಯ ಅಭಿಪ್ರಾಯ ಬಂತು, ಏಕೆಂದರೆ ಅವಳು ಹೊಗಳಲಿಲ್ಲ. ಗಾಜಿಗೆ ಅಂಟಿಸಿದ ಬೆಲೆಯ ಚೀಟಿಯನ್ನು ಸ್ವಲ್ಪ ಮುಚ್ಚಬೇಕಲ್ಲ ತಾಯಿ ಎಂದು ಅವನು ಕೇಳಿಕೊಂಡ. ಬೆಲೆಯನ್ನು ಮೊದಲೇ ಓದಿಬಿಟ್ಟರೆ ಕಣ್ಣು ಅದಕ್ಕೆ ಸಾಕ್ಷಿ ಹುಡುಕಲು ಹೋಗುತ್ತದೆ, ದನವನ್ನು ನೋಡುವುದಿಲ್ಲ. ಅವಳಿಗೆ ಅರ್ಥವಾಯಿತೋ ಬಿಟ್ಟಿತೋ, ತನ್ನ ಬೆನ್ನನ್ನೇ ಚೀಟಿಗೆ ಕೊಟ್ಟು ನಿಂತಳು. ತೂಕದಣ್ಣ ಹತ್ತು ಹೆಜ್ಜೆ ಹಿಂದೆ ಹೋದ. ಕಣ್ಣು ಕಿರಿದು ಮಾಡಿದ. ಟೈರು ನೆಲವನ್ನು ಒತ್ತುವ ಜಾಗ, ಮುಂಭಾಗದ ಭಾರ, ಸೊಂಟದ ಕಡೆ ಕಟ್ಟಿದ ಮಾಂಸ.

"ಸಾವಿರದ ಎಂಟುನೂರ ಇಪ್ಪತ್ತು ಕಿಲೋ," ಎಂದ.

ಹುಡುಗಿ ಟ್ಯಾಬಿನ ಮೇಲೆ ಬೆರಳಾಡಿಸಿದಳು. ಆಡುತ್ತಿದ್ದ ಬೆರಳು ನಿಂತಿತು. "ಸಾವಿರದ ಎಂಟುನೂರ ಹದಿನೆಂಟು, ಸರ್," ಎಂದಳು, ಮತ್ತು ಬೆಳಗಿನ ನಗು ಬಿದ್ದುಹೋಗಿ ಅವಳದೇ ಆದ ನಗುವೊಂದು ಬಂತು. ಭಾವಮೈದುನ ಇಡೀ ಶೋರೂಮನ್ನು, ಒರೆಸುವವನನ್ನೂ ಸೇರಿಸಿ, ನೋಡಿದಿರಾ ಎಂಬಂತೆ ದಿಟ್ಟಿಸಿದ. ತೂಕದಣ್ಣ ಏನೂ ಆಗದವನ ಹಾಗೆ ಗಂಟಲು ಸರಿಮಾಡಿಕೊಂಡ. ಎರಡು ಕಿಲೋ ಇಂಧನದ್ದಿರಬೇಕು ಎಂದ. ನಾಲ್ಕು ತಿಂಗಳ ಉಪವಾಸ ಮುರಿದಂತಾಗಿತ್ತು. ಇನ್ನು ಬೆಲೆ ಹೇಳುವುದೊಂದು ಬಾಕಿ. ತೂಕದ ಹಿಂದೆಯೇ ಬೆಲೆ ಬರುತ್ತದೆ, ಹಸುವಿನ ಹಿಂದೆ ಕರು ಬಂದ ಹಾಗೆ. ಅವನು ಕಾದ. ಬರಲಿಲ್ಲ. ಬೆಲೆಯೆಂದರೆ ಏನು? ಇದು ದಿನಕ್ಕೆ ಎಷ್ಟು ಹಾಲು ಕೊಟ್ಟೀತು, ಎಷ್ಟು ಕರು ಹಾಕೀತು, ಎಷ್ಟು ವರ್ಷ ನೊಗ ಹೊತ್ತೀತು ಎಂಬುದನ್ನೆಲ್ಲ ಕೂಡಿಸಿ, ತಿನ್ನುವ ಮೇವು ಕಳೆದರೆ ಉಳಿಯುವುದು. ಇಲ್ಲಿ ಕಳೆಯುವುದಕ್ಕೆ ಬೇಕಾದಷ್ಟಿತ್ತು, ಕೂಡಿಸುವುದಕ್ಕೆ ಏನಿತ್ತು? ಎರಡೇ ಬಾಗಿಲು. ಹಿಂದಿನ ಸೀಟಿನಲ್ಲಿ ಒಂದು ಕೊಡೆ ಮಲಗಬಹುದು. ಡಿಕ್ಕಿಯಲ್ಲಿ ಮೊಟ್ಟೆಯ ಆರು ತಟ್ಟೆ ಹಿಡಿದರೆ ಹೆಚ್ಚು.

ಬಾಯಿ ಸುಮ್ಮನಿರಬಾರದೆಂದು ಅವನು ವಿಚಾರಣೆಗೆ ಇಳಿದ. ಇದಕ್ಕೆ ಎಷ್ಟು ಕುದುರೆಯ ಬಲ ಎಂದ. ನಾನೂರ ಎಂಬತ್ತು ಎಂದಳು. ಎರಡು ವರ್ಷದ ಹಿಂದೆ ಎಷ್ಟಿತ್ತು ಎಂದ. ಆಗಲೂ ನಾನೂರ ಎಂಬತ್ತೇ ಎಂದಳು.

"ಹಾಗಾದ್ರೆ ಏರಿದ್ದು ಯಾವುದಮ್ಮಾ?"

"ಬೆಲೆ, ಸರ್."

ಅಷ್ಟು ಪ್ರಾಮಾಣಿಕವಾದ ಉತ್ತರವನ್ನು ಅವನು ಸಂತೆಯಲ್ಲಿ ಕೇಳಿ ಹತ್ತು ವರ್ಷವಾಗಿತ್ತು. ಅವಳೇ ಮುಂದುವರಿಸಿ, ದೀಪ ಬದಲಾಗಿದೆ, ಒಳಗಿನ ಪರದೆ ದೊಡ್ಡದಾಗಿದೆ, ಉಕ್ಕು ತುಟ್ಟಿಯಾಗಿದೆ, ತೆರಿಗೆ ಏರಿದೆ, ಅದಕ್ಕಿಂತ ಹೆಚ್ಚಾಗಿ, ಎಂಟು ಸಿಲಿಂಡರಿನ ಇಂಥ ಎಂಜಿನ್ನನ್ನು ಇನ್ನು ಹೆಚ್ಚು ವರ್ಷ ಮಾಡುವುದಿಲ್ಲವಂತೆ, ಮುಂದಿನವೆಲ್ಲ ಬ್ಯಾಟರಿಯವು, ಸದ್ದಿಲ್ಲದವು ಎಂದಳು. ಅಂದರೆ ಸಾಯುವ ತಳಿ ಎಂದು ತೂಕದಣ್ಣ ಮನಸ್ಸಿನಲ್ಲಿ ಬರೆದುಕೊಂಡ. ಸಾಯುವ ತಳಿಗೆ ಬೆಲೆ ಏರುವುದುಂಟು. ತೂಕ ಹೇಳುವವರ ತಳಿಯೂ ಸಾಯುತ್ತಿದೆಯಲ್ಲ, ಅದರ ಬೆಲೆ ಯಾಕೆ ಏರಲಿಲ್ಲ ಎಂದೂ ಅನ್ನಿಸಿತು. ಆ ಯೋಚನೆಯನ್ನು ನೊಣ ಓಡಿಸಿದ ಹಾಗೆ ಓಡಿಸಿ, ನಡೆಸಿ ನೋಡದೆ ಏನೂ ಹೇಳಲಾಗದು ಎಂದ.

ನಡೆಸಿ ನೋಡುವುದೆಂದರೆ ಅವನ ಪ್ರಕಾರ, ಮಾರುವವನು ಮೂಗುದಾರ ಹಿಡಿದು ತನ್ನ ಮುಂದೆ ಇಪ್ಪತ್ತು ಹೆಜ್ಜೆ ಹೋಗಿ ಬರುವುದು. ಅವರ ಪ್ರಕಾರ ಅವನೂ ಒಳಗೆ ಕೂರಬೇಕಿತ್ತು. ಭಾವಮೈದುನ ಸ್ಟೇರಿಂಗಿಗೆ, ನಿಯಮದಂತೆ ಹುಡುಗಿ ಪಕ್ಕಕ್ಕೆ, ತೂಕದಣ್ಣ ಕೊಡೆ ಮಲಗುವ ಜಾಗಕ್ಕೆ. ಮೊಣಕಾಲು ಗದ್ದಕ್ಕೆ ತಾಗಿತು. ಜೀಪಿನಲ್ಲಿ ಸಾಗಿಸುವ ಕರುಗಳನ್ನು ಅವನು ಸಾವಿರ ಸಲ ನೋಡಿದ್ದ. ಅವುಗಳ ಮುಖದಲ್ಲಿದ್ದದ್ದು ಗಾಬರಿಯಲ್ಲ, ಅವಮಾನ ಎಂಬುದು ಈಗ ಹೊಳೆಯಿತು. ಎಂಜಿನ್ ಎದ್ದಿತು. ಎದ್ದದ್ದು ಕಿವಿಯಲ್ಲಲ್ಲ, ಬೆನ್ನಹುರಿಯ ತಳದಲ್ಲಿ. ನಾನೂರ ಎಂಬತ್ತು ಕುದುರೆಗಳು ರಸ್ತೆಗೆ ಇಳಿದವು, ಮತ್ತು ಗಂಟೆಗೆ ಇಪ್ಪತ್ತೆಂಟು ಕಿಲೋಮೀಟರಿನಲ್ಲಿ ಎಡಗಡೆಯನ್ನು ಬಿಡದೆ ಸಾಗಿದವು. ರಸ್ತೆಯ ಉಬ್ಬಿಗೆ ಇನ್ನೂ ಅರ್ಧ ಫರ್ಲಾಂಗಿರುವಾಗಲೇ ಭಾವಮೈದುನನ ಪಾದ ಬ್ರೇಕಿನ ಮೇಲೆ ಹೂವಿನಂತೆ ಇಳಿಯುತ್ತಿತ್ತು. ತಿರುವಿನಲ್ಲಿ ಅವನು ಉಸಿರು ಹಿಡಿಯುತ್ತಿದ್ದ. ಶಾಲೆಯ ವ್ಯಾನೊಂದು ದಾಟಿತು. ಹಿಂದಿನ ಗಾಜಿನಿಂದ ಮಕ್ಕಳು ಕೈ ಬೀಸಿದವು. ಗ್ಯಾಸ್ ಸಿಲಿಂಡರಿನ ಗಾಡಿ ದಾಟಿತು. ಇಳಿಜಾರಿನಲ್ಲಿ ಸೈಕಲ್ಲಿನ ಮುದುಕನೊಬ್ಬ ದಾಟುತ್ತ, ಒಳಗೆ ಬಗ್ಗಿ ನೋಡಿ, ಏನಾದರೂ ಕೆಟ್ಟಿದೆಯೇ ಎಂದು ಕನಿಕರದಿಂದ ಕೇಳಿದ.

ಸ್ವಲ್ಪ ಒತ್ತಬಹುದು ಸರ್ ಎಂದು ಹುಡುಗಿ ಮೆಲ್ಲಗೆ ಹೇಳಿದಳು. ಒತ್ತಿದ್ದೇನಲ್ಲ ಎಂದು ಭಾವಮೈದುನ ನಿಜವಾದ ಆಶ್ಚರ್ಯದಿಂದ ಅಂದ. ಅವನ ಹಣೆಯಲ್ಲಿ ಬೆವರಿತ್ತು. ಮೂವತ್ತು ವರ್ಷ ಬೆನ್ನ ಹಿಂದೆ ಸಾವಿರಾರು ಮೊಟ್ಟೆ ಹೊತ್ತು ಕಲಿತ ಪಾದ ಅದು. ತಲೆ ಹೇಳಿದ್ದನ್ನು ಕೇಳುವ ಪಾದವಲ್ಲ. ಬಯಲಿನ ನಡುವೆ ರಸ್ತೆ ನೇರವಾಗಿ ಚಾಚಿಕೊಂಡ ಕಡೆ ಅವನೇ ನಿಲ್ಲಿಸಿ, ನೀವು ಓಡಿಸಿ ತೋರಿಸಿಯಮ್ಮಾ ಎಂದು ಇಳಿದ. ಇಬ್ಬರೂ ಜಾಗ ಬದಲಾಯಿಸಿದರು. ಹುಡುಗಿ ಹಿಂದೆ ಮುಂದೆ ನೋಡಿ, ಚಪ್ಪಲಿ ಕಳಚಿ ಬದಿಗಿಟ್ಟು, ಒತ್ತಿದಳು.

ಆಮೇಲೆ ನಾಲ್ಕು ಸೆಕೆಂಡು ಏನಾಯಿತೆಂದು ತೂಕದಣ್ಣ ಎಷ್ಟು ಸಲ ನೆನೆಸಿಕೊಂಡರೂ ಪೂರ್ತಿ ಕೈಗೆ ಸಿಗುವುದಿಲ್ಲ. ಬಯಲು ಒಮ್ಮೆಲೇ ಹಿಂದಕ್ಕೆ ಸುರಿದುಹೋಯಿತು. ಯಾರೋ ಎದೆಯ ಮೇಲೆ ಅಂಗೈಯಿಟ್ಟು, ದ್ವೇಷವಿಲ್ಲದೆ, ಸೀಟಿನೊಳಕ್ಕೆ ಅದುಮಿದರು. ಜಗತ್ತಿನ ತೂಕವನ್ನೆಲ್ಲ ಹೇಳುತ್ತಿದ್ದವನಿಗೆ ತನ್ನ ಮೈಯ ತೂಕ ಎಷ್ಟೆಂಬುದೇ ಮರೆತುಹೋಯಿತು. ಕಾರಿನೊಳಗೆ ಯಾರೋ ಕುದುರೆಯ ಹಾಗೆ ಕೆನೆದರು. ಅದು ತನ್ನದೇ ನಗುವೆಂದು ತಿಳಿಯಲು ಹೊತ್ತು ಬೇಕಾಯಿತು. ಮುಂದಿನ ಕನ್ನಡಿಯಲ್ಲಿ ಭಾವಮೈದುನನ ಮುಖ ಕಂಡಿತು. ಕಣ್ಣು ಮುಚ್ಚಿತ್ತು, ಬಾಯಿ ಕೊಂಚ ತೆರೆದಿತ್ತು. ಹತ್ತೊಂಬತ್ತು ವರ್ಷದವನ ಮುಖ. ತೂಕದಣ್ಣ ನಗುವುದನ್ನು ಬಿಟ್ಟ. ಈ ಮುಖವನ್ನು ಅವನು ಹಿಂದೆ ಒಮ್ಮೆ ನೋಡಿದ್ದ, ತನ್ನ ಮದುವೆಯಾದ ಹೊಸದರಲ್ಲಿ, ಸಂತೆಯ ಮೂಲೆಯಲ್ಲಿ, ಉದ್ದ ಕಾಲಿನ ಒಂದು ಕುದುರೆಮರಿಯ ಎದುರು. ಭಾವ, ನೀವು ಹೂಂ ಅಂದರೆ ಅಪ್ಪ ಕೊಡಿಸುತ್ತಾರೆ ಎಂದು ಹುಡುಗ ಕೈ ಹಿಡಿದುಕೊಂಡಿದ್ದ. ಮಾವ ಇನ್ನೊಂದು ಕಿವಿಯಲ್ಲಿ, ಬೇಡ ಅನ್ನಿ ಎಂದಿದ್ದರು. ಮರಿ ಚಿನ್ನದಂಥದು, ಅಂಥ ಬೆನ್ನನ್ನು ಅವನು ಆಮೇಲೆ ನೋಡಲಿಲ್ಲ. ಹಿಂಗಾಲು ಸಡಿಲ, ಎಡಗಡೆಯದು ಎಂದಿದ್ದ ತೂಕದಣ್ಣ. ನಲವತ್ತು ವರ್ಷದ ಕಸುಬಿನಲ್ಲಿ ಆಡಿದ ಒಂದೇ ಒಂದು ಸುಳ್ಳು. ಮರಿಯನ್ನು ಹಿಟ್ಟಿನ ಗಿರಣಿಯವನು ಕೊಂಡ. ಹತ್ತು ವರ್ಷ ಅದು ಮೊಟ್ಟೆ ಅಂಗಡಿಯ ಮುಂದೆಯೇ ಗಾಳಿಯ ಹಾಗೆ ಓಡಾಡಿತು. ಹುಡುಗ ಒಂದು ದಿನ ಕೂಡ ಎತ್ತಿ ಆಡಲಿಲ್ಲ. ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ಬದಲಿಗೆ, ಅದು ಹಾದುಹೋದಾಗಲೆಲ್ಲ, ನೋಡಿ ಭಾವ, ಎಡ ಹಿಂಗಾಲು, ನೀವು ಹೇಳಿದ ಹಾಗೆಯೇ ಎನ್ನುತ್ತಿದ್ದ. ಇಲ್ಲದ ಕುಂಟನ್ನು ಅವನು ಕಣ್ಣಾರೆ ಕಾಣುತ್ತಿದ್ದ.

ಶೋರೂಮಿಗೆ ಹಿಂದಿರುಗಿದಾಗ ತೂಕದಣ್ಣನಿಗೆ ಕಾರಿನಿಂದ ಇಳಿಯಲಾಗಲಿಲ್ಲ. ಒಂದು ಕಾಲು ಹೊರಗೆ ಬಂತು, ಇನ್ನೊಂದು ಸೀಟಿನ ಸಂದಿಯಲ್ಲಿ ಸಿಕ್ಕಿಕೊಂಡಿತು, ತಲೆ ಯಾವ ಕಡೆಯಿಂದ ಹೊರಬರಬೇಕೆಂಬುದರಲ್ಲಿ ಒಮ್ಮತವಾಗಲಿಲ್ಲ. ಕೊನೆಗೆ ಭಾವಮೈದುನ ಎರಡೂ ಮುಂಗೈ ಹಿಡಿದು, ಹುಡುಗಿ ಭುಜಕ್ಕೆ ಕೈ ಕೊಟ್ಟು, ಒರೆಸುವವನು ಬಾಗಿಲು ಅಗಲಿಸಿ ಹಿಡಿದು, ಮೂವರೂ ಸೇರಿ ಅವನನ್ನು ಹೊರಗೆಳೆದರು. ಎಷ್ಟೋ ಕರುಗಳನ್ನು ಅವನು ಹೀಗೆ ಎಳೆದಿದ್ದ. ಅವುಗಳಂತೆಯೇ ಹೊಸ ನೆಲದ ಮೇಲೆ ಒಂದು ಕ್ಷಣ ಕಾಲು ಅಗಲಿಸಿ, ಓಲಾಡುತ್ತ ನಿಂತ. ಯಾರೂ ನಗಲಿಲ್ಲ. ನಕ್ಕಿದ್ದರೆ ಅವನೂ ನಗಬಹುದಿತ್ತು.

ಮೆತ್ತನೆಯ ಕುರ್ಚಿಗಳ ಮೇಲೆ ಕೂರಿಸಿ ಬೊಗಸೆಯಷ್ಟೂ ಇಲ್ಲದ ಬಟ್ಟಲಿನಲ್ಲಿ ಕಾಫಿ ಕೊಟ್ಟರು. ಹುಡುಗಿ ಫಾರಮ್ಮು ಪೆನ್ನು ಮೇಜಿನ ಮೇಲಿಟ್ಟು, ನಿಧಾನವಾಗಿ ಯೋಚಿಸಿ ಎಂದು ಆಚೆ ಹೋದಳು. ಭಾವಮೈದುನ ಮಂಡಿಯ ಮೇಲೆ ಕೈಯಿಟ್ಟು, ಫಲಿತಾಂಶ ಕೇಳುವ ವಿದ್ಯಾರ್ಥಿಯಂತೆ ಕೂತ. ಹೇಳಿ ಭಾವ, ನೀವು ಒಂದು ಮಾತು ಅಂದಮೇಲೆ ನಾನು ಎರಡಾಡುವುದಿಲ್ಲ ಎಂದ. ತೂಕದಣ್ಣ ಕಾಫಿಯನ್ನು ಮೂಸಿದ. ಬೇಡ ಅನ್ನಬಹುದು. ಸುಳ್ಳೂ ಅಲ್ಲ, ಏರಿದ್ದು ಬೆಲೆ ಮಾತ್ರ ಎಂದು ಮಾರುವವಳೇ ಒಪ್ಪಿದ್ದಾಳೆ. ಮನೆಯಲ್ಲಿ ನೆಮ್ಮದಿ. ಆದರೆ ಬಯಲಿನ ಆ ನಾಲ್ಕು ಸೆಕೆಂಡನ್ನು ಯಾವ ಕಡೆಗೆ ಕೂಡಿಸುವುದು? ಅದನ್ನು ಬಿಟ್ಟು ಹೇಳಿದ ಬೆಲೆ, ಕುದುರೆಯನ್ನು ಬಿಟ್ಟು ಕಾಲಿಗೆ ಕಟ್ಟಿದ ಬೆಲೆಯಾದೀತು. ಮೊದಲು ಹಳೆಯ ಗಂಟನ್ನು ಬಿಚ್ಚಿಬಿಡೋಣ, ನನ್ನ ಮಾತಿನಿಂದ ಎಷ್ಟು ಕಸ ಕಳೆದು ತೂಗಬೇಕೆಂದು ಇವನಿಗೆ ಗೊತ್ತಿರಲಿ ಎಂದುಕೊಂಡು, ಬಟ್ಟಲು ಕೆಳಗಿಟ್ಟ.

"ನೋಡಪ್ಪಾ, ಆ ಕುದುರೆಮರಿ ಇತ್ತಲ್ಲ, ಗಿರಣಿಯವನು ಕೊಂಡದ್ದು. ಅದರ ಹಿಂಗಾಲು ಸರಿಯಿತ್ತು. ನಿಮ್ಮಪ್ಪ ಹೇಳಿದ್ರು ಅಂತ ನಾನು ಸುಳ್ಳು ಹೇಳಿದೆ."

ಭಾವಮೈದುನ ಅವನನ್ನೇ ನೋಡಿದ. ಆಮೇಲೆ ಮೆತ್ತಗೆ, ಜ್ವರ ಬಂದವರಿಗೆ ಸಮಾಧಾನ ಹೇಳುವ ಹಾಗೆ ಅವನ ಮಂಡಿ ತಟ್ಟಿದ.

"ಇಲ್ಲ ಭಾವ. ಸಡಿಲ ಇತ್ತು. ಹತ್ತು ವರ್ಷ ಕಣ್ಣಾರೆ ನೋಡಿದೀನಿ ನಾನು. ಎಡಗಡೆಯದು."

"ಇರಲಿಲ್ಲ ಅಂತ ನಾನೇ ಹೇಳ್ತಿದೀನಲ್ಲಪ್ಪ."

"ನಿಮಗೆ ಮರೆತಿದೆ ಭಾವ. ವಯಸ್ಸಾಯ್ತು."

ತೂಕದಣ್ಣ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ತನ್ನ ಮಾತನ್ನು ತಾನೇ ಹಿಂದಕ್ಕೆ ಕೇಳಿದರೆ ಕೊಡದಷ್ಟು ನಂಬಿಕೆ. ಜಂಬ ಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಈಗ ಬೇಡ ಎಂದರೆ ಇವನು ಈ ಕಾರನ್ನು ಕಂಡಲ್ಲೆಲ್ಲ ಅದರ ಕುಂಟನ್ನು ಕಾಣುತ್ತಾನೆ. ಹೂಂ ಎಂದರೆ, ಇಪ್ಪತ್ತೆಂಟು ಕಿಲೋಮೀಟರಿನಲ್ಲಿ ಸಾಗುತ್ತಲೇ, ಭಾವ ಹೇಳಿದ ಹಾಗೆ ಗಾಳಿಯಂತಿದೆ ಎನ್ನುತ್ತಾನೆ. ಎರಡರಲ್ಲೂ ಇವನ ಕಣ್ಣಿಗೆ ಕೆಲಸವಿಲ್ಲ. ಮೂವತ್ತಮೂರು ವರ್ಷದಿಂದ ಈ ಮನುಷ್ಯನ ಹಗ್ಗ ಯಾರ ಕೈಯಲ್ಲಿದೆ ಎಂದು ಹುಡುಕಬೇಕಾಗಿರಲಿಲ್ಲ. ತೂಕದಣ್ಣ ತನ್ನ ಅಂಗೈಯನ್ನು ನೋಡಿಕೊಂಡ. ಹಗ್ಗ ಬಿಟ್ಟರೆ ಇನ್ನು ತನ್ನನ್ನು ಕೇಳುವವರು ಯಾರೂ ಇಲ್ಲ. ಚಹಾದವನ ಹೌದೌದು ಒಂದೇ ಗತಿ. ಅದು ಗೊತ್ತಿದ್ದೇ, ಜೀವಮಾನದಲ್ಲಿ ಆಡದ ಮಾತನ್ನು ಆಡಿದ.

"ನನಗೆ ಗೊತ್ತಾಗ್ತಿಲ್ಲಪ್ಪ. ತೂಕ ಗೊತ್ತಾಯ್ತು, ಬೆಲೆ ಗೊತ್ತಾಗ್ತಿಲ್ಲ. ನೀನೇ ನೋಡು."

ಭಾವಮೈದುನ ಇನ್ನೂ ಮಾತು ಮುಗಿದಿಲ್ಲವೆಂಬಂತೆ ಕಾದ. ಮುಗಿದಿದೆ ಎಂದು ತಿಳಿದಾಗ ಅವನ ದುಂಡು ಮುಖ ಒಂದು ಗಳಿಗೆ ಖಾಲಿಯಾಯಿತು, ಜಾತ್ರೆಯಲ್ಲಿ ಕೈ ತಪ್ಪಿದ ಮಗುವಿನ ಮುಖದಂತೆ. ಆಮೇಲೆ ಎದ್ದ. ಕಾರಿನ ಹತ್ತಿರ ಹೋಗಿ ಅದರ ನೇರ ಹಿಂದೆಯೇ ನಿಂತ. ಸುತ್ತು ಬಂದ, ನಿಧಾನವಾಗಿ, ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವಾಗಿನ ಹಾಗೆ ತಲೆ ಓರೆ ಮಾಡಿ. ಬಾಗಿಲು ತೆಗೆದು ಹಾಕಿದ. ಮತ್ತೆ ತೆಗೆದು, ಹಾಕಿ, ಸದ್ದನ್ನು ಕೇಳಿದ. ದೀಪದ ಗಾಜನ್ನು ಬೆರಳ ಗೆಣ್ಣಿನಿಂದ ತಟ್ಟಿ ಮುಖ ಹುಳಿ ಮಾಡಿದ. ಚೀಟಿಯ ಮುಂದೆ ನಿಂತು ಬೆಲೆಯನ್ನು ತುಟಿ ಅಲುಗಿಸುತ್ತ ಓದಿದ, ಬಾಗಿ ಇನ್ನೊಮ್ಮೆ ಓದಿದ. ಹುಡುಗಿ ಏನೋ ಹೇಳಲು ಹೋದಾಗ ಕೈಯೆತ್ತಿ ನಿಲ್ಲಿಸಿದ. ಆ ಕೈ ಎತ್ತಿದ ರೀತಿಯನ್ನು ತೂಕದಣ್ಣ ಕುರ್ಚಿಯಿಂದಲೇ ನೋಡಿದ. ಯಾರದನ್ನೂ ನೋಡಿ ಕಲಿತದ್ದಲ್ಲ.

ಕಾಲು ಗಂಟೆಯಾದ ಮೇಲೆ ಅವನು ಬಂದು ಎದುರು ಕೂತ. ಕೆನ್ನೆ ಕೆಂಪಾಗಿತ್ತು.

"ಅನ್ಯಾಯದ ಬೆಲೆ, ಭಾವ. ಅಷ್ಟಕ್ಕೆ ಬಾಳಲ್ಲ ಇದು."

"ಹೂಂ."

"ತಗೋತೀನಿ."

"ಹೂಂ," ಎಂದ ತೂಕದಣ್ಣ. ಆ ಹೂಂಗೆ ಒಪ್ಪಿಗೆಯ ತೂಕ ಬಾರದಂತೆ ಎಚ್ಚರವಹಿಸಿ, ಬರೀ ಕೇಳಿಸಿತು ಎಂಬಷ್ಟೇ ಇರಿಸಿದ. ಅದು ಅವನು ಆ ದಿನ ಮಾಡಿದ ಅತಿ ನಾಜೂಕಿನ ಕೆಲಸ.

ಹುಡುಗಿ ಬಂದು ಬಣ್ಣಗಳ ಅಟ್ಟೆಯನ್ನು ಮೇಜಿನ ಮೇಲೆ ಬಿಚ್ಚಿದಳು. ಹನ್ನೊಂದು ಬಣ್ಣ. ಭಾವಮೈದುನನ ತಲೆ, ಹಳೆಯ ಅಭ್ಯಾಸ, ತಾನಾಗಿಯೇ ತೂಕದಣ್ಣನ ಕಡೆ ತಿರುಗಿತು. ತೂಕದಣ್ಣ ಆಗಲೇ ಆರಿಸಿಯಾಗಿತ್ತು: ಮೂರನೆಯ ಸಾಲಿನ ಕಂದು, ಚೆನ್ನಾಗಿ ಮೇಯ್ದ ಎತ್ತಿನ ಬೆನ್ನಿನ ಕಂದು, ಧೂಳು ಕಾಣದು, ಕಣ್ಣಿಗೆ ಗಂಭೀರ, ಮುಂದೆ ಮಾರಲು ಹೋದರೂ ನಾಲ್ಕು ಜನ ಕೇಳುವಂಥದು. ಅವನು ಚಾವಣಿಯ ಕಡೆ ನೋಡಿದ. ಅಲ್ಲಿ ಸಾಲಾಗಿ ದೀಪಗಳಿದ್ದವು, ಎಣಿಸತೊಡಗಿದ. ಇಪ್ಪತ್ತಮೂರಕ್ಕೆ ಬಂದಾಗ ಭಾವಮೈದುನನ ದನಿ ಕೇಳಿಸಿತು.

"ಹಳದಿ. ಅದೇ, ಆ ಗಾಢವಾಗಿದೆಯಲ್ಲ, ಅದು."

ಹಳದಿ. ಸಾವಿರದ ಎಂಟುನೂರ ಹದಿನೆಂಟು ಕಿಲೋ ಹಳದಿ. ತೂಕದಣ್ಣ ತಣ್ಣಗಾದ ಕಾಫಿಯನ್ನು ಎತ್ತಿ, ನಾಲಿಗೆಯ ತುದಿಗೆ ಬಂದು ನಿಂತಿದ್ದ ಕಂದು ಬಣ್ಣವನ್ನು ಅದರೊಂದಿಗೆ ಸೇರಿಸಿ, ಕಷ್ಟಪಟ್ಟು ನುಂಗಿದ.